ಅರ್ಜಿ ನಮೂನೆಯೂ ಒಂದು ಲೆಕ್ಕಪುಸ್ತಕವೇ

ಜೂನ್ ತಿಂಗಳು ಬಂದೊಡನೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಪ್ರವೇಶ, ಶಿಕ್ಷಣ ಸಾಲ, ವೈದ್ಯಕೀಯ ನೆರವು ಮುಂತಾದವುಗಳಿಗೆ ಸಮಾಜದ ಸಂಸ್ಥೆಗಳು ಅರ್ಜಿಗಳನ್ನು ಆಹ್ವಾನಿಸುತ್ತವೆ. ಹಿಂದೆ ಬಸದಿಯ ಕಚೇರಿಯಲ್ಲಿ ಮುದ್ರಿತ ನಮೂನೆ ದೊರೆಯುತ್ತಿತ್ತು. ಇಂದು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲಸಿರುವ ಕನ್ನಡ ಜೈನ ಕುಟುಂಬಗಳ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಅದನ್ನು ಒತ್ತಿದರೆ ಅಂಕಣಗಳ ಸಾಲು ತೆರೆದುಕೊಳ್ಳುತ್ತದೆ: ಹೆಸರು, ತಂದೆಯ ಹೆಸರು, ಧರ್ಮ, ಪಂಥ, ಉಪಜಾತಿ, ಗೋತ್ರ, ಮೂಲ ಊರು, ವಾರ್ಷಿಕ ವರಮಾನ. ಬಹುತೇಕ ಅಂಕಣಗಳ ಪಕ್ಕದಲ್ಲಿ ಕೆಂಪು ನಕ್ಷತ್ರವಿರುತ್ತದೆ. ಅವನ್ನು ತುಂಬದ ಹೊರತು ಅರ್ಜಿ ಮುಂದೆ ಸಾಗದು.

ಈ ಉತ್ತರಗಳೆಲ್ಲ ಮುಂದೆ ಏನಾಗುತ್ತವೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ವಾರ್ಷಿಕ ವರದಿಯಲ್ಲಿ ದಾನಿಗಳ ಹೆಸರಿರುತ್ತದೆ, ವಿತರಿಸಿದ ಒಟ್ಟು ಮೊತ್ತವಿರುತ್ತದೆ, ಫಲಾನುಭವಿಗಳ ಒಟ್ಟು ಸಂಖ್ಯೆಯಿರುತ್ತದೆ. ಎಷ್ಟು ಹೆಣ್ಣುಮಕ್ಕಳು ಅರ್ಜಿ ಸಲ್ಲಿಸಿದರು, ಅವರಲ್ಲಿ ಎಷ್ಟು ಮಂದಿಗೆ ನೆರವು ದೊರೆಯಿತು, ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರ ಪಾಲೆಷ್ಟು, ಯಾವ ಬಳಗದವರು ಅರ್ಜಿಯನ್ನೇ ಹಾಕಲಿಲ್ಲ ಎಂಬ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಉತ್ತರವನ್ನು ಪಡೆದುದಾಯಿತು, ಲೆಕ್ಕ ಮಾತ್ರ ಒಪ್ಪಿಸಲಿಲ್ಲ. ಖಾತೆಗೆ ಜಮೆಯಾದ ಹಣದ ವಿಷಯದಲ್ಲಿ ಹೀಗಾದರೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರನು. ಅರ್ಜಿದಾರನ ಹುಟ್ಟು, ದೇಹ, ಮನೆತನಗಳ ಬಗ್ಗೆ ಪಡೆದ ಮಾಹಿತಿಯ ವಿಷಯದಲ್ಲಿಯೂ ಅದೇ ಶಿಸ್ತು ಅನ್ವಯವಾಗಬೇಕು. ಸಮಾನತೆಯನ್ನು ಪರಿಶೀಲಿಸುವ ಸಲುವಾಗಿ ಕೇಳುವ ಪ್ರಶ್ನೆಯು ಆಯ್ಕೆ ಮಾಡುವವರ ಕೈಗೆ ಸಿಗಬಾರದು ಮತ್ತು ಅದರ ಮೊತ್ತವು ವರ್ಷಕ್ಕೊಮ್ಮೆ ಸಮಾಜದ ಮುಂದೆ ಬರಲೇಬೇಕು. ಈ ಎರಡು ಷರತ್ತುಗಳನ್ನು ಪಾಲಿಸಲು ಸಿದ್ಧವಿಲ್ಲದ ಸಂಸ್ಥೆಗೆ ಅಂತಹ ಪ್ರಶ್ನೆಯನ್ನು ಕೇಳುವ ಹಕ್ಕಿಲ್ಲ.

ಎಣಿಸದಿದ್ದರೆ ಕಾಣದ ಸಂಗತಿಗಳು

ಪ್ರಶ್ನೆಯನ್ನೇ ಕೇಳಬಾರದೆನ್ನುವ ವಾದವೊಂದಿದೆ. ಜೈನರೆಲ್ಲರೂ ಒಂದೇ, ಜಿನಧರ್ಮದಲ್ಲಿ ಜಾತಿಭೇದವಿಲ್ಲ, ಆದ್ದರಿಂದ ಪಂಥ ಮತ್ತು ಉಪಜಾತಿಗಳನ್ನು ಕೇಳುವುದೇ ತಪ್ಪು ಎಂಬುದು ಅದರ ಸಾರ. ಪಂಪಕವಿಯ ಹೆಸರೆತ್ತಿ ಮಾನವಕುಲದ ಏಕತೆಯನ್ನು ಸಾರುವ ಭಾಷಣಗಳು ಸಮಾಜದ ಸಭೆಗಳಲ್ಲಿ ಅಪರೂಪವಲ್ಲ. ಅದೇ ಸಭೆಯ ಪಕ್ಕದ ಮೇಜಿನಲ್ಲಿ ಹಂಚುವ ವಧೂವರರ ಮಾಹಿತಿ ಪತ್ರದಲ್ಲಿ ಚತುರ್ಥ, ಪಂಚಮ, ಬೋಗಾರ, ಕಾಸಾರ, ಉಪಾಧ್ಯಾಯ ಎಂಬ ವಿಭಾಗಗಳು ಇರುತ್ತವೆ. ಸಂಬಂಧ ಬೆಳೆಸುವಾಗ ಕಾಣಿಸುವ ಭೇದವು ಲೆಕ್ಕ ಕೊಡಬೇಕಾದಾಗ ಮಾತ್ರ ಮರೆಯಾಗುವುದು ನ್ಯಾಯವಲ್ಲ.

ಸರಾಸರಿ ಸಂಖ್ಯೆ ಎಷ್ಟನ್ನು ಮರೆಮಾಡಬಲ್ಲದೆಂಬುದಕ್ಕೆ 2001ರ ಜನಗಣತಿಯೇ ನಿದರ್ಶನ. ಅಂದು ದೇಶದ ಸಾಕ್ಷರತೆ ಶೇ. 64.8 ಇದ್ದಾಗ ಜೈನರ ಸಾಕ್ಷರತೆ ಶೇ. 94.1 ಇತ್ತು. ಜೈನ ಮಹಿಳೆಯರಲ್ಲಿಯೂ ಶೇ. 90.6 ಮಂದಿ ಅಕ್ಷರ ಬಲ್ಲವರಾಗಿದ್ದರು. ಈ ಅಂಕಿಗಳು ಎಲ್ಲ ವೇದಿಕೆಗಳಲ್ಲಿಯೂ ಹೆಮ್ಮೆಯಿಂದ ಉಲ್ಲೇಖಗೊಂಡವು. ಅದೇ ಗಣತಿಯ ಬೇರೆರಡು ಅಂಕಿಗಳು ಅಷ್ಟು ಪ್ರಚಾರ ಪಡೆಯಲಿಲ್ಲ. ದುಡಿಮೆಯಲ್ಲಿ ತೊಡಗಿದ ಜೈನ ಮಹಿಳೆಯರ ಪ್ರಮಾಣ ಕೇವಲ ಶೇ. 9.2 ಆಗಿತ್ತು, ದೇಶದ ಮಹಿಳೆಯರ ಸರಾಸರಿ ಶೇ. 25.6 ಇತ್ತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಜೈನರಲ್ಲಿ 870 ಹೆಣ್ಣುಮಕ್ಕಳಿದ್ದರು; ದೇಶದ ಸರಾಸರಿ 927 ಇತ್ತು. 2011ರ ಗಣತಿಯಲ್ಲಿ ಆ 870 ಎಂಬುದು 889ಕ್ಕೆ ಏರಿತು. ಧರ್ಮ ಮತ್ತು ಲಿಂಗ ಎಂಬ ಎರಡು ಅಂಕಣಗಳನ್ನು ಕೂಡಿಸಿ ನೋಡುವ ಅವಕಾಶವೇ ಇಲ್ಲದಿದ್ದರೆ, ಅಕ್ಷರಸ್ಥ ಸಮಾಜದ ಮನೆಗಳಲ್ಲಿ ಹೆಣ್ಣುಮಗುವಿಗೆ ಏನಾಗುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ.

ಸಂಸ್ಥೆಗಳ ಒಳಗೂ ಹೀಗೆಯೇ. ಸಮಸ್ತ ಜೈನ ಬಾಂಧವರಿಗೆ ಎಂದು ಫಲಕ ಹಾಕಿಕೊಂಡ ನಿಧಿಯ ಹಣವು ವಿಶ್ವಸ್ತರ ಬಳಗದವರಿಗೇ ಹೆಚ್ಚಾಗಿ ಹೋಗುತ್ತಿದೆ ಎಂಬ ಗುಮಾನಿ ಹಲವು ಊರುಗಳಲ್ಲಿ ಪಿಸುಮಾತಾಗಿ ಸುಳಿದಾಡುತ್ತದೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಲೆಕ್ಕವಿಲ್ಲದಿದ್ದರೆ ದೂರುವವನ ಮಾತನ್ನು ಸಾಬೀತುಪಡಿಸಲಾಗದು. ಪ್ರಾಮಾಣಿಕ ವಿಶ್ವಸ್ತನಿಗೆ ಕಳಂಕದಿಂದ ಬಿಡುಗಡೆಯೂ ದೊರೆಯದು.

ಉತ್ತರ ಐರ್ಲೆಂಡ್ ಕಲಿಸಿದ ಪಾಠ

ಸಮಾನತೆಯನ್ನು ಪರಿಶೀಲಿಸುವ ಪ್ರಶ್ನೆಗಳನ್ನು ಬಹುಕಾಲದಿಂದ ಕಟ್ಟುನಿಟ್ಟಾಗಿ ಬಳಸುತ್ತಿರುವ ಪ್ರದೇಶಗಳಲ್ಲಿ ಉತ್ತರ ಐರ್ಲೆಂಡ್ ಪ್ರಮುಖವಾದುದು. ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಸಮುದಾಯಗಳ ನಡುವಿನ ವೈಮನಸ್ಯವು ರಕ್ತಪಾತಕ್ಕೆ ತಿರುಗಿದ್ದ ದಿನಗಳಲ್ಲಿ, ಉದ್ಯೋಗದಲ್ಲಿ ನಡೆಯುತ್ತಿದ್ದ ತಾರತಮ್ಯವು ಆ ಕಲಹದ ಕಾರಣಗಳಲ್ಲೊಂದೆಂದು ಅಲ್ಲಿನ ಜನ ಕಂಡುಕೊಂಡರು. 1989ರ ಕಾಯ್ದೆಯು ಉದ್ಯೋಗದಾತರು ತಮ್ಮ ನೌಕರರ ಸಮುದಾಯ ಹಿನ್ನೆಲೆಯನ್ನು ದಾಖಲಿಸಿ ಪ್ರತಿವರ್ಷವೂ ವರದಿ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಇಂದು ಹತ್ತಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಕನಿಷ್ಠ ಮೂರು ವರ್ಷಕ್ಕೊಮ್ಮೆ ನೇಮಕಾತಿ, ತರಬೇತಿ, ಬಡ್ತಿಗಳ ಪದ್ಧತಿಯನ್ನು ಸಂಸ್ಥೆಯೇ ವಿಮರ್ಶಿಸಿಕೊಳ್ಳಬೇಕು. ಅಂದರೆ ಅಂಕಿಯು ಕಡತದಲ್ಲಿ ಮಲಗಿಕೊಳ್ಳುವಂತಿಲ್ಲ.

ಅಲ್ಲಿನ ಪ್ರಶ್ನೆಯ ರಚನೆ ಗಮನಾರ್ಹವಾದುದು. ಅರ್ಜಿದಾರನ ನಂಬಿಕೆ ಏನೆಂದಾಗಲಿ, ಚರ್ಚಿಗೆ ಹೋಗುವನೇ ಎಂದಾಗಲಿ ಅದು ಕೇಳುವುದಿಲ್ಲ. ಧರ್ಮವನ್ನು ಆಚರಿಸಲಿ ಬಿಡಲಿ, ಈ ನಾಡಿನಲ್ಲಿ ಜನರನ್ನು ಈ ಎರಡು ಸಮುದಾಯಗಳಲ್ಲೊಂದಕ್ಕೆ ಸೇರಿದವರೆಂದು ಕಾಣುವ ರೂಢಿಯಿದೆ. ನಿಮ್ಮ ಹಿನ್ನೆಲೆ ಯಾವುದು, ಅಥವಾ ಎರಡೂ ಅಲ್ಲವೇ ಎಂದು ಕೇಳುತ್ತದೆ. ತಾರತಮ್ಯ ಮಾಡುವವನು ಎದುರಿನವನ ಅಂತರಂಗದ ಶ್ರದ್ಧೆಯನ್ನು ನೋಡಿ ಮಾಡುವುದಿಲ್ಲ, ಹಣೆಗೆ ಅಂಟಿಸಿದ ಗುರುತನ್ನು ನೋಡಿ ಮಾಡುತ್ತಾನೆ. ಅಳೆಯಬೇಕಾದುದು ಆ ಗುರುತಿನ ಪರಿಣಾಮವನ್ನೇ ಎಂಬ ಸೂಕ್ಷ್ಮ ಆ ವಾಕ್ಯದಲ್ಲಿದೆ. ಉಪಜಾತಿಯಲ್ಲಿ ನಂಬಿಕೆಯಿಲ್ಲದ, ಆದರೆ ಉಪಜಾತಿಯ ಕಾರಣದಿಂದಲೇ ಗುರುತಿಸಲ್ಪಡುವ ಜೈನ ಯುವಕ ಯುವತಿಯರಿಗೆ ಇಂತಹ ವಾಕ್ಯವು ಅವಮಾನವಾಗದು.

ಉತ್ತರ ಐರ್ಲೆಂಡಿನಲ್ಲಿ ಈ ಉತ್ತರಪತ್ರವು ಅರ್ಜಿಯಿಂದ ಬೇರ್ಪಟ್ಟು, ಅದಕ್ಕಾಗಿಯೇ ನೇಮಿಸಲಾದ ಅಧಿಕಾರಿಯ ಕೈಗೆ ಹೋಗುತ್ತದೆ. ಆಯ್ಕೆ ಸಮಿತಿಗೆ ಕಾಣಿಸುವುದಿಲ್ಲ. ಅಲ್ಲಿನ ಒಂದು ಪದ್ಧತಿ ಮಾತ್ರ ಇಲ್ಲಿಗೆ ಸಲ್ಲದು. ಉತ್ತರಿಸದವರ ಹಿನ್ನೆಲೆಯನ್ನು ಅವರು ಓದಿದ ಪ್ರಾಥಮಿಕ ಶಾಲೆ ಮೊದಲಾದ ಸುಳಿವುಗಳಿಂದ ನಿರ್ಧರಿಸಲು ಆ ಕಾನೂನು ಅವಕಾಶ ಕೊಡುತ್ತದೆ. ಸಮಾಜದ ಚಿಕ್ಕ ಸಂಸ್ಥೆಯೊಂದರಲ್ಲಿ ಚೌಗುಲೆ, ಉಪಾಧ್ಯೆ, ಇಂದ್ರ, ಬಲ್ಲಾಳ ಎಂಬ ಮನೆತನದ ಹೆಸರನ್ನು ನೋಡಿ ಊಹಿಸುವ ಕೆಲಸ ಆರಂಭವಾದರೆ, ಪರಿಶೀಲನೆ ಹೋಗಿ ಪತ್ತೇದಾರಿಕೆ ಉಳಿಯುತ್ತದೆ.

ಉತ್ತರದ ಆಯ್ಕೆಗಳನ್ನು ಜೋಡಿಸುವ ರೀತಿಯೂ ಫಲಿತಾಂಶವನ್ನು ಬದಲಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಣತಿಯಲ್ಲಿ 2001ರಿಂದ ಧರ್ಮದ ಐಚ್ಛಿಕ ಪ್ರಶ್ನೆಯಿದೆ. ಹಿಂದೂ, ಬೌದ್ಧ, ಸಿಖ್ ಮೊದಲಾದವುಗಳಿಗೆ ಗುರುತು ಹಾಕುವ ಚೌಕವಿದೆ. ಜೈನರು ಇತರ ಧರ್ಮ ಎಂಬ ಚೌಕವನ್ನು ಆರಿಸಿ ತಾವೇ ಹೆಸರು ಬರೆಯಬೇಕು. 2011ರಲ್ಲಿ ಹಾಗೆ ಬರೆದವರು 20 ಸಾವಿರದಷ್ಟು ಮಂದಿ. ಬರೆಯುವ ಶ್ರಮಕ್ಕೆ ಹೋಗದೆ ಪಕ್ಕದ ಚೌಕಕ್ಕೆ ಗುರುತು ಹಾಕಿದವರು ಆ ಲೆಕ್ಕಕ್ಕೆ ಬರಲಾರರು. ಭಾರತದ ಗಣತಿಯಲ್ಲಿ ಜೈನಧರ್ಮಕ್ಕೆ ಸ್ವಂತ ಸಂಕೇತಾಂಕವಿದ್ದೂ, ಧರ್ಮದ ಅಂಕಣದಲ್ಲಿ ಜೈನ ಎಂದೇ ಬರೆಸಿರೆಂದು ಸಂಘಟನೆಗಳು ಪ್ರಚಾರ ಮಾಡಬೇಕಾಗಿ ಬಂದಿದೆ. ತನ್ನ ಹೆಸರು ಇತರ ಎಂಬ ಪದದೊಳಗೆ ಮುಳುಗುವ ನೋವನ್ನು ಬಲ್ಲ ಸಮಾಜವು, ತನ್ನ ನಮೂನೆಗಳಲ್ಲಿ ಮತ್ತೊಬ್ಬರನ್ನು ಇತರ ಎಂಬುದಕ್ಕೆ ತಳ್ಳುವಾಗ ಎರಡು ಬಾರಿ ಯೋಚಿಸಬೇಕು.

ಅಂಕಣವೇ ಅಪಾಯವಾದಾಗ

ಎಣಿಕೆಯ ಪರವಾದ ವಾದಕ್ಕೆ ಇನ್ನೊಂದು ಮುಖವಿದೆ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳ ಕೈದಿ ದಾಖಲೆಗಳಲ್ಲಿದ್ದ ಜಾತಿಯ ಅಂಕಣವನ್ನು ತೆಗೆದುಹಾಕುವಂತೆ ಆದೇಶಿಸಿತು. ಕಸ ಗುಡಿಸುವ ಕೆಲಸ ಯಾರಿಗೆ, ಅಡುಗೆ ಮಾಡುವ ಕೆಲಸ ಯಾರಿಗೆ ಎಂಬುದು ಜಾತಿಯ ಮೇಲೆ ನಿರ್ಧಾರವಾಗುತ್ತಿದ್ದ ವ್ಯವಸ್ಥೆಯಲ್ಲಿ ಆ ಅಂಕಣವು ತಾರತಮ್ಯದ ಸಾಧನವಾಗಿತ್ತು. ಜಾತಿಯ ಅಂಕಣ ಜನಗಣತಿಯಲ್ಲಿದ್ದಾಗ ಒಂದು ಕೆಲಸ ಮಾಡುತ್ತದೆ, ಕೆಲಸ ಹಂಚುವ ಜೈಲರನ ಮೇಜಿನ ಮೇಲಿದ್ದಾಗ ಬೇರೊಂದು ಕೆಲಸ ಮಾಡುತ್ತದೆ. ಪ್ರಶ್ನೆ ಯಾವುದು ಎಂಬುದಕ್ಕಿಂತ ಉತ್ತರ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ಮುಖ್ಯ.

ಹಾಗೆಂದು ಅಂಕಣವನ್ನು ಅಳಿಸಿದಮಾತ್ರಕ್ಕೆ ಸಮಾನತೆ ಬಂದುಬಿಡುವುದಿಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರುಗಳಲ್ಲಿ ಕಳುಹಿಸಲಾಗಿತ್ತು. ಖಾಸಗಿ ಕಂಪನಿಗಳಿಂದ ಮರುಕರೆ ಬರುವ ಸಂಭಾವ್ಯತೆಯು ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮೂರನೆಯ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೆಯ ಒಂದರಷ್ಟು ಮಾತ್ರ ಇತ್ತು. ಅಲ್ಲಿ ಜಾತಿಯ ಅಂಕಣವೇನೂ ಇರಲಿಲ್ಲ, ಹೆಸರೇ ಸಾಕಾಗಿತ್ತು. ಅಂತಹ ತಾರತಮ್ಯವು ಬೆಳಕಿಗೆ ಬರಬೇಕಾದರೆ ಎಲ್ಲೋ ಒಂದು ಕಡೆ, ಆಯ್ಕೆಯ ಮೇಜಿನಿಂದ ದೂರದಲ್ಲಿ, ಲೆಕ್ಕವಿರಬೇಕು.

ಎರಡು ಹಾಳೆಗಳ ಪದ್ಧತಿ

ಲೆಕ್ಕಶಾಸ್ತ್ರದಲ್ಲಿ ಒಂದು ಹಳೆಯ ನಿಯಮವಿದೆ. ನಗದನ್ನು ಕೈಯಲ್ಲಿ ಹಿಡಿಯುವವನೇ ಖಾತೆಯನ್ನೂ ಬರೆಯಬಾರದು. ಅಪನಂಬಿಕೆಯಿಂದ ಹುಟ್ಟಿದ ನಿಯಮವಲ್ಲ ಅದು. ಇಬ್ಬರನ್ನೂ ಸಂಶಯದಿಂದ ಕಾಪಾಡುವ ವ್ಯವಸ್ಥೆ. ಅರ್ಜಿ ನಮೂನೆಗೂ ಇದನ್ನೇ ಅನ್ವಯಿಸಬಹುದು. ಅದಕ್ಕೆ ಮೊದಲು ಪ್ರಶ್ನೆಗಳನ್ನು ಮೂರಾಗಿ ವಿಂಗಡಿಸಬೇಕು.

ಮೊದಲನೆಯವು ಅರ್ಹತೆಯ ಪ್ರಶ್ನೆಗಳು: ಅಂಕ, ವರಮಾನ, ಕೋರ್ಸು. ಇವುಗಳಿಗೆ ದಾಖಲೆ ಬೇಕು, ಉತ್ತರ ಕಡ್ಡಾಯ, ಆಯ್ಕೆ ಸಮಿತಿ ನೋಡಲೇಬೇಕು. ಎರಡನೆಯವು ಅಗತ್ಯದ ಪ್ರಶ್ನೆಗಳು: ಸಂದರ್ಶನಕ್ಕೆ ಬರಲು ಗಾಲಿಕುರ್ಚಿಯ ಹಾದಿ ಬೇಕೇ, ಅರ್ಜಿ ಕನ್ನಡದಲ್ಲಿ ಬೇಕೇ, ದೊಡ್ಡ ಅಕ್ಷರದ ಪ್ರತಿ ಬೇಕೇ. ಇವು ವ್ಯವಸ್ಥೆ ಮಾಡುವವರಿಗೆ ತಿಳಿಯಬೇಕು. ಮೂರನೆಯವು ಸಮಾನತೆಯನ್ನು ಪರಿಶೀಲಿಸುವ ಪ್ರಶ್ನೆಗಳು. ಇವುಗಳಿಗೆ ದಾಖಲೆ ಬೇಡ, ಉತ್ತರ ಐಚ್ಛಿಕ, ಆಯ್ಕೆಗಾರರಿಗೆ ಕಾಣಕೂಡದು. ಇಂದಿನ ನಮೂನೆಗಳ ದೋಷವೆಲ್ಲವೂ ಈ ಮೂರನ್ನು ಒಂದೇ ಹಾಳೆಯಲ್ಲಿ ಕಲಸಿರುವುದರಲ್ಲಿದೆ. ಉದಾಹರಣೆಗೆ, ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಪುಣೆಯಲ್ಲಿ ನೆಲಸಿದ ಕುಟುಂಬಕ್ಕೆ ಆ ಪಟ್ಟಿ ಅಲ್ಲಿನ ಸರ್ಕಾರಿ ಸೌಲಭ್ಯಕ್ಕೆ ಬಾರದು. ನಮೂನೆಯಲ್ಲಿ ಬರಿದೇ ಪ್ರವರ್ಗ ಎಂದು ಕೇಳಿದರೆ ಒಬ್ಬರು 3ಬಿ ಎನ್ನುತ್ತಾರೆ, ಮತ್ತೊಬ್ಬರು ಸಾಮಾನ್ಯ ಎನ್ನುತ್ತಾರೆ, ಇನ್ನೊಬ್ಬರು ಅಲ್ಪಸಂಖ್ಯಾತ ಎನ್ನುತ್ತಾರೆ. ಮೂವರೂ ಹೇಳಿದ್ದು ಸರಿ. ಮೊತ್ತ ಮಾತ್ರ ನಿರರ್ಥಕ.

ಆನ್‌ಲೈನ್ ನಮೂನೆಯಲ್ಲಿ ಇವನ್ನು ಬೇರ್ಪಡಿಸುವುದು ಕಾಗದಕ್ಕಿಂತ ಸುಲಭ. ಮುಖ್ಯ ಅರ್ಜಿ ಸಲ್ಲಿಕೆಯಾಗಿ, ಸ್ವೀಕೃತವಾಗಿದೆ ಎಂಬ ಸಂದೇಶ ತೋರಿದ ಮೇಲೆಯೇ ಎರಡನೆಯ ಹಾಳೆ ತೆರೆಯಬೇಕು. ಉತ್ತರಿಸದಿದ್ದರೂ ಅರ್ಜಿಗೆ ಬಾಧೆಯಿಲ್ಲ ಎಂಬುದು ಆಗ ಬಾಯಿಮಾತಾಗಿ ಉಳಿಯದೆ ಕಣ್ಣಿಗೆ ಕಾಣುವ ಸತ್ಯವಾಗುತ್ತದೆ. ಎರಡನೆಯ ಹಾಳೆಯಲ್ಲಿ ಹೆಸರಿರಕೂಡದು, ಅರ್ಜಿಯ ಸಂಖ್ಯೆ ಮಾತ್ರ ಇರಬೇಕು. ಆ ಸಂಖ್ಯೆಯೂ ಇರದಿದ್ದರೆ ಅರ್ಜಿ ಹಾಕಿದವರನ್ನು ಎಣಿಸಬಹುದೇ ಹೊರತು ಆಯ್ಕೆಯಾದವರೊಂದಿಗೆ ಹೋಲಿಸಲಾಗದು. ಈ ಕಾರಣದಿಂದ ಇದನ್ನು ಅನಾಮಧೇಯ ಎಂದು ಕರೆಯುವುದು ಸುಳ್ಳಾಗುತ್ತದೆ, ಗೋಪ್ಯ ಎನ್ನಬೇಕು. ಆಯ್ಕೆ ಸಮಿತಿಯಲ್ಲಿಲ್ಲದ ಒಬ್ಬ ವ್ಯಕ್ತಿಯ ಬಳಿ ಆ ಹಾಳೆಗಳಿರಬೇಕು. ಫಲಿತಾಂಶದ ನಂತರ ಆತನು ಎರಡನ್ನೂ ಕೂಡಿಸಿ ಪಟ್ಟಿಯನ್ನು ಸಿದ್ಧಪಡಿಸಿ, ನಿಗದಿತ ಅವಧಿಯ ನಂತರ ಮೂಲ ಉತ್ತರಗಳನ್ನು ಅಳಿಸಬೇಕು. ಅಗತ್ಯಕ್ಕಿಂತ ಹೆಚ್ಚನ್ನು ಕೂಡಿಡಬಾರದೆಂಬ ಅಪರಿಗ್ರಹವನ್ನು ಅಣುವ್ರತವೆಂದು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಏನನ್ನು ಕೇಳಬೇಕು

ಪ್ರಶ್ನೆಗಳು ಐದಾರಕ್ಕಿಂತ ಹೆಚ್ಚಿರಬಾರದು. ಲಿಂಗದ ಪ್ರಶ್ನೆಗೆ ಹೆಣ್ಣು, ಗಂಡು, ತೃತೀಯ ಲಿಂಗ, ಹೇಳಲು ಇಚ್ಛೆಯಿಲ್ಲ ಎಂಬ ಉತ್ತರಗಳಿರಲಿ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗವನ್ನು ಮಾನ್ಯ ಮಾಡಿದ ನಂತರವೂ ಎರಡೇ ಚೌಕಗಳನ್ನಿಡುವುದು ಅಜ್ಞಾನವಲ್ಲ, ಹಟ.

ಶಿಕ್ಷಣದ ಹಿನ್ನೆಲೆಗೆ ಎರಡು ಪ್ರಶ್ನೆ ಸಾಕು: ನಿಮ್ಮ ಮನೆಯಲ್ಲಿ ಪದವಿ ಓದುತ್ತಿರುವ ಮೊದಲ ವ್ಯಕ್ತಿ ನೀವೇ? ಏಳನೆಯ ತರಗತಿಯವರೆಗೆ ಯಾವ ಮಾಧ್ಯಮದಲ್ಲಿ, ಹಳ್ಳಿಯಲ್ಲೋ ಪಟ್ಟಣದಲ್ಲೋ ಓದಿದಿರಿ? ಬೆಳಗಾವಿ, ಬಾಗಲಕೋಟೆ ಕಡೆಯ ಒಕ್ಕಲುತನದ ಮನೆಯಿಂದ ಬಂದ ಹುಡುಗಿಗೂ ಮುಂಬೈನ ವ್ಯಾಪಾರಿ ಮನೆಯ ಹುಡುಗನಿಗೂ ನಡುವಣ ಅಂತರವನ್ನು ಪಂಥ, ಗೋತ್ರಗಳ ಅಂಕಣಕ್ಕಿಂತ ಈ ಎರಡು ಪ್ರಶ್ನೆಗಳು ಚೆನ್ನಾಗಿ ತೋರಿಸಬಲ್ಲವು. ಜೈನರೆಂದರೆ ಸಿರಿವಂತ ವರ್ತಕರು ಎಂಬ ಹೊರಗಿನವರ ಕಲ್ಪನೆಯಲ್ಲಿ ಉತ್ತರ ಕರ್ನಾಟಕದ ಜೈನ ರೈತನಿಗೆ ಎಂದೂ ಸ್ಥಳವಿರಲಿಲ್ಲ. ಸಮಾಜದ ಸ್ವಂತ ನಮೂನೆಯಲ್ಲಾದರೂ ಆತನ ಮಕ್ಕಳು ಕಾಣಿಸಬೇಕು.

ಅಂಗವೈಕಲ್ಯದ ಪ್ರಶ್ನೆಯಲ್ಲಿ ಕಾಯಿಲೆಯ ಹೆಸರು ಬೇಡ. 2016ರ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅಷ್ಟನ್ನೂ ಪಟ್ಟಿ ಮಾಡಿದರೆ ಹುಡುಗನ ವೈದ್ಯಕೀಯ ಇತಿಹಾಸ ಅಪರಿಚಿತರ ಕೈ ಸೇರುತ್ತದೆ. ದಿನನಿತ್ಯದ ಓದು ಅಥವಾ ಓಡಾಟಕ್ಕೆ ದೀರ್ಘಕಾಲದ ಅಡ್ಡಿಯುಂಟುಮಾಡುವ ಸ್ಥಿತಿ ಇದೆಯೇ ಎಂದಷ್ಟೇ ಕೇಳಿದರೆ ಸಾಕು.

ಪಂಥ ಮತ್ತು ಬಳಗದ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಅದನ್ನು ಕೇಳಬೇಕಾದುದು ಎಲ್ಲ ಜೈನರಿಗೂ ತೆರೆದಿದ್ದೇವೆಂದು ಸಾರುವ ಸಂಸ್ಥೆ ಮಾತ್ರ, ಅದೂ ಎರಡನೆಯ ಹಾಳೆಯಲ್ಲಿ ಮಾತ್ರ. ವಾಕ್ಯ ಹೀಗಿರಬಹುದು: ನಿಮ್ಮ ಸ್ವಂತ ನಂಬಿಕೆ ಏನೇ ಇರಲಿ, ಸಮಾಜವು ನಿಮ್ಮ ಕುಟುಂಬವನ್ನು ಯಾವ ಬಳಗದ್ದೆಂದು ಗುರುತಿಸುತ್ತದೆ? ಉತ್ತರಗಳು ಅಕಾರಾದಿಯಾಗಿರಲಿ, ವಿಶ್ವಸ್ತರ ಬಳಗ ಮೊದಲು ಬರುವುದು ಬೇಡ. ಒಂದಕ್ಕಿಂತ ಹೆಚ್ಚನ್ನು ಗುರುತಿಸಲು ಅವಕಾಶವಿರಲಿ. ದಿಗಂಬರ ತಾಯಿ ಮತ್ತು ಶ್ವೇತಾಂಬರ ತಂದೆಯ ಮಗಳು, ಜೈನೇತರ ತಾಯಿಯ ಮಗ ಒಂದನ್ನು ಬಿಟ್ಟು ಒಂದನ್ನು ಆರಿಸುವ ಇಕ್ಕಟ್ಟಿಗೆ ಸಿಲುಕಬಾರದು. ಗೋತ್ರದ ಪ್ರಶ್ನೆಗೆ ವಿದ್ಯಾರ್ಥಿವೇತನದ ಯಾವ ಹಾಳೆಯಲ್ಲಿಯೂ ಸ್ಥಳವಿಲ್ಲ.

ಮೊದಲ ಹಾಳೆಯಲ್ಲಿಯೂ ತಿದ್ದಬೇಕಾದ ಒಂದು ಅಂಕಣವಿದೆ. ತಂದೆಯ ಹೆಸರು ಕಡ್ಡಾಯವೆಂಬ ನಕ್ಷತ್ರವು ವಿಧವೆಯ, ಪರಿತ್ಯಕ್ತೆಯ, ಒಂಟಿ ತಾಯಿಯ ಮಗುವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ, ತಾಯಿ, ಪಾಲಕ ಇವರಲ್ಲಿ ಒಬ್ಬರ ಹೆಸರು ಸಾಕೆಂದು ವಿದೇಶಾಂಗ ಸಚಿವಾಲಯವು 2016ರ ಡಿಸೆಂಬರ್‌ನಲ್ಲಿಯೇ ಪ್ರಕಟಿಸಿತು. ದೇಶದ ಗಡಿ ದಾಟಲು ಬೇಡವಾದುದು ಪುಸ್ತಕದ ಹಣ ಪಡೆಯಲು ಏಕೆ ಬೇಕು?

ಕಾನೂನು ಹೇಳುವುದೇನು

ಉಪಜಾತಿಯ ಅಂಕಣವನ್ನು ಆಯ್ಕೆಯ ಹಾಳೆಯಲ್ಲಿಡುವುದು ವಿಶ್ವಸ್ತರಿಗೂ ಕ್ಷೇಮಕರವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 13(1)(ಬಿ) ಕಲಮು, 1962ರ ಏಪ್ರಿಲ್ 1ರ ನಂತರ ಸ್ಥಾಪಿತವಾದ ಧರ್ಮಾರ್ಥ ಸಂಸ್ಥೆಯು ನಿರ್ದಿಷ್ಟ ಧರ್ಮ ಸಮುದಾಯ ಅಥವಾ ಜಾತಿಯ ಹಿತಕ್ಕಾಗಿ ಇದ್ದರೆ ಅದಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂದು ಗೆರೆ ಎಳೆಯಿತು. ದಾನಿಗಳಿಗೆ ರಿಯಾಯಿತಿ ನೀಡುವ 80ಜಿ ಕಲಮಿನಲ್ಲಿಯೂ ಇದೇ ಬಗೆಯ ಷರತ್ತಿತ್ತು. ನ್ಯಾಸಪತ್ರದಲ್ಲಿ ಸಾರ್ವಜನಿಕರಿಗೆ ಎಂದು ಬರೆದು, ಆಯ್ಕೆಯ ನಮೂನೆಯಲ್ಲಿ ಉಪಜಾತಿಯನ್ನು ಕಡ್ಡಾಯಗೊಳಿಸಿ, ಯಾವ ವಿವರಣೆಯನ್ನೂ ನೀಡದ ಸಂಸ್ಥೆಯು ತನ್ನ ವಿರುದ್ಧ ತಾನೇ ಸಂಶಯದ ದಾಖಲೆಯನ್ನು ಸೃಷ್ಟಿಸಿಕೊಳ್ಳುತ್ತದೆ. ಅದೇ ಮಾಹಿತಿಯು ಪ್ರತ್ಯೇಕ ಹಾಳೆಯಲ್ಲಿದ್ದು, ಆಯ್ಕೆಗೆ ಅದನ್ನು ಬಳಸಿಲ್ಲವೆಂಬ ಪುರಾವೆಯಿದ್ದರೆ ಅದು ಸಂಸ್ಥೆಯ ನಿಷ್ಪಕ್ಷಪಾತಕ್ಕೆ ಸಾಕ್ಷಿಯಾಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಯನ್ನು ಪಡೆಯಬೇಕು ಎಂಬುದು ಅದರ ತಿರುಳು. ಹದಿನೆಂಟು ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ಪಿಯುಸಿ ವಿದ್ಯಾರ್ಥಿಗಳಲ್ಲಿ ಬಹುತೇಕರು ಈ ವಯಸ್ಸಿನವರೇ. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಅರ್ಜಿದಾರನಿಗಿರಬೇಕು. ಚೆನ್ನೈನಲ್ಲಿರುವ ಅಜ್ಜಿಯೊಬ್ಬರು ಮೊಮ್ಮಗನ ಪಾಲಕಿಯಾಗಿ ಒಪ್ಪಿಗೆ ನೀಡುವಾಗ ಅದನ್ನು ಕನ್ನಡದಲ್ಲಿ ಓದಬಯಸಿದರೆ ಅದು ಉಪಕಾರವಲ್ಲ, ಕಾನೂನು ಕೊಟ್ಟ ಅವಕಾಶ.

ಒಂದು ಪುಟದ ಪಟ್ಟಿ

ಇಷ್ಟೆಲ್ಲ ಕೇಳಿದ ಮೇಲೆ ಪ್ರಕಟಿಸಬೇಕಾದುದು ಒಂದೇ ಪುಟ. ಪ್ರತಿ ವರ್ಗದಲ್ಲಿ ಅರ್ಜಿ ಹಾಕಿದವರೆಷ್ಟು, ಆಯ್ಕೆಯಾದವರೆಷ್ಟು, ತಲಾ ದೊರೆತ ಸರಾಸರಿ ಮೊತ್ತವೆಷ್ಟು, ಉತ್ತರಿಸಲು ಇಚ್ಛಿಸದವರೆಷ್ಟು. ಹೋಲಿಕೆಗೆ ಅಮೆರಿಕದ ಉದ್ಯೋಗ ನಿಯಮಾವಳಿ 1978ರಿಂದ ಬಳಸುತ್ತಿರುವ ಐದರಲ್ಲಿ ನಾಲ್ಕರ ಸೂತ್ರ ಅನುಕೂಲಕರ. 60 ಹುಡುಗರು ಮತ್ತು 40 ಹುಡುಗಿಯರು ಅರ್ಜಿ ಹಾಕಿ, 30 ಹುಡುಗರು ಮತ್ತು 14 ಹುಡುಗಿಯರು ಆಯ್ಕೆಯಾದರೆಂದು ಭಾವಿಸಬಹುದು. ಹುಡುಗರ ಆಯ್ಕೆಯ ಪ್ರಮಾಣ ಶೇ. 50, ಹುಡುಗಿಯರದು ಶೇ. 35. ಮೂವತ್ತೈದು ಐವತ್ತರ ಶೇ. 70 ಆಗುತ್ತದೆ, ಶೇ. 80ಕ್ಕಿಂತ ಕಡಿಮೆಯಾದ್ದರಿಂದ ಕಾರಣ ಹುಡುಕಬೇಕು. ಇದು ಅಪರಾಧದ ನಿರ್ಣಯವಲ್ಲ, ತಪಾಸಣೆಗೆ ಕರೆ. ಕಾರಣವು ಸಂದರ್ಶನದಲ್ಲಿರಬಹುದು, ಮದುವೆಯಾಗಿ ಹೋಗುವವಳಿಗೆ ಸಾಲವೇಕೆ ಎಂಬ ಅಲಿಖಿತ ನಿಯಮದಲ್ಲಿರಬಹುದು, ಕೋರ್ಸುಗಳ ಪಟ್ಟಿಯಲ್ಲಿರಬಹುದು.

ಜೈನ ಸಮಾಜ ಚಿಕ್ಕದು. 2011ರ ಗಣತಿಯಂತೆ ದೇಶದಲ್ಲಿ 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ಒಂದು ನಗರದ ಕನ್ನಡ ಜೈನರೆಂದರೆ ಪರಸ್ಪರ ಮುಖಪರಿಚಯವಿರುವವರೇ. ಪಟ್ಟಿಯಲ್ಲಿ ಯಾವುದಾದರೂ ವರ್ಗದ ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಅದನ್ನು ಬಿಡಿಯಾಗಿ ಮುದ್ರಿಸದೆ ಪಕ್ಕದ ವರ್ಗದೊಂದಿಗೆ ಅಥವಾ ಮೂರು ವರ್ಷಗಳ ಮೊತ್ತದೊಂದಿಗೆ ಸೇರಿಸಬೇಕು. ಇಲ್ಲವಾದರೆ ಸಂಖ್ಯೆಯ ಹಿಂದಿನ ಮುಖವನ್ನು ಮೊದಲ ಓದಿಗೇ ಗುರುತಿಸುವವರಿರುತ್ತಾರೆ.

ಆಕ್ಷೇಪಗಳು

ಎಣಿಸಿದರೆ ಸಮಾಜ ಒಡೆಯುತ್ತದೆ ಎಂಬ ಆಕ್ಷೇಪ ಹಳೆಯದು. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಸಾತಾರಾದಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳನ್ನು ಒಂದೇ ಸೂರಿನಡಿ ಇರಿಸಿದರು. ಎಲ್ಲ ಜಾತಿಯವರೂ ಬಂದಿದ್ದಾರೆಂದು ಹೇಳಬೇಕಾದರೆ ಯಾರು ಬಂದಿದ್ದಾರೆಂದು ತಿಳಿದಿರಬೇಕಲ್ಲವೇ? ಎಣಿಕೆಯಿಂದ ಒಡಕು ಹುಟ್ಟುವುದಿಲ್ಲ. ಇದ್ದ ಒಡಕು ಕಾಣಿಸುತ್ತದೆ.

ಜನ ಸುಳ್ಳು ಹೇಳುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಉತ್ತರದಿಂದ ಲಾಭವೂ ನಷ್ಟವೂ ಇಲ್ಲದಿದ್ದಾಗ ಸುಳ್ಳಿಗೆ ಪ್ರೇರಣೆ ಕಡಿಮೆ. ಆಯ್ಕೆಯ ಹಾಳೆಯಲ್ಲಿಯೇ ಅದು ಹೆಚ್ಚು. ಚಿಕ್ಕ ಸಂಸ್ಥೆಗೆ ಇದು ಹೊರೆ ಎಂಬುದು ಮೂರನೆಯದು. ಎರಡನೆಯ ಹಾಳೆಯೊಂದನ್ನು ಸೇರಿಸಲು, ವರ್ಷಕ್ಕೊಮ್ಮೆ ಪಟ್ಟಿಯೊಂದನ್ನು ತಯಾರಿಸಲು ಒಬ್ಬ ಸ್ವಯಂಸೇವಕನ ಎರಡು ಭಾನುವಾರ ಸಾಕು. ಇಪ್ಪತ್ತು ಅಂಕಣಗಳಲ್ಲಿ ಹನ್ನೆರಡನ್ನು ಕಿತ್ತುಹಾಕಿದಾಗ ಉಳಿಯುವ ಸಮಯ ಅದಕ್ಕಿಂತ ಹೆಚ್ಚು.

ಈ ಶಿಸ್ತಿನ ಅಗತ್ಯ ಸಮಾಜದ ಸಂಸ್ಥೆಗಳಿಗೆ ಮಾತ್ರ ಸೀಮಿತವಲ್ಲ. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ, ಭಾಗವಹಿಸುವುದು ಐಚ್ಛಿಕವೆಂದು ಜನರಿಗೆ ತಿಳಿಸಬೇಕು, ಮಾಹಿತಿ ಗೋಪ್ಯವಾಗಿರಬೇಕು ಎಂದು ಉಚ್ಚ ನ್ಯಾಯಾಲಯ ನಿರ್ದೇಶಿಸಿತು. ಸರ್ಕಾರದಿಂದ ಐಚ್ಛಿಕತೆಯನ್ನೂ ಗೋಪ್ಯತೆಯನ್ನೂ ನಿರೀಕ್ಷಿಸುವ ಸಮಾಜವು ತನ್ನ ಸಂಸ್ಥೆಗಳಿಂದ ಅದಕ್ಕಿಂತ ಕಡಿಮೆಯನ್ನು ಒಪ್ಪಿಕೊಳ್ಳಬಾರದು. 2014ರ ಜನವರಿ 27ರಂದು ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೆ ಸರ್ಕಾರದೆದುರು ಹಕ್ಕಿನ ಮಾತು ಸಹಜವಾಗಿಯೇ ಹೆಚ್ಚಾಗಿದೆ. ಹೊರಗೆ ಸಮಪಾಲನ್ನು ಕೇಳುವವರ ಮಾತಿಗೆ ತೂಕ ಬರುವುದು ಒಳಗಿನ ಹಂಚಿಕೆಯ ಲೆಕ್ಕವನ್ನು ತೆರೆದಿಟ್ಟಾಗ.

ಮುಂದಿನ ಸಾಲಿನ ನಮೂನೆಗಳು ಸಿದ್ಧವಾಗುವ ಮೊದಲು ಪ್ರತಿ ಸಂಸ್ಥೆಯ ವಾರ್ಷಿಕ ಸಭೆ ನಡೆಯುತ್ತದೆ. ಆಯವ್ಯಯ ಪತ್ರವನ್ನು ಅಂಗೀಕರಿಸುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬಹುದು. ಅರ್ಜಿಯ ಪ್ರತಿಯೊಂದು ಅಂಕಣದ ಉತ್ತರವನ್ನು ಯಾರು ನೋಡುತ್ತಾರೆ? ಕಳೆದ ವರ್ಷದ ಉತ್ತರಗಳಿಂದ ಯಾವ ನಿರ್ಧಾರ ಬದಲಾಯಿತು? ಅವು ಈಗ ಎಲ್ಲಿವೆ? ಉತ್ತರ ದೊರೆಯದ ಅಂಕಣಗಳನ್ನು ಆ ಸಭೆಯಲ್ಲಿಯೇ ತೆಗೆದುಹಾಕುವ ನಿರ್ಣಯವನ್ನು ಮಂಡಿಸಬೇಕು.